ಸೂಪರ್‌ಕಂಡಕ್ಟರ್ ಟೇಪು ಆರಿಸುವ ಮುನ್ನ ಹರಳುಗಳ ಗಡಿ ನೋಡಿ

ತಂಪಿನಲ್ಲಿ ನಷ್ಟವಿಲ್ಲದೆ ವಿದ್ಯುತ್ ಒಯ್ಯುವ ಸೂಪರ್‌ಕಂಡಕ್ಟರ್ ಟೇಪುಗಳನ್ನು ಮಾಡುವ ಎರಡು ಕಂಪನಿಗಳ ಮಾಹಿತಿಪತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣುವುದಿಲ್ಲ. ಎರಡರಲ್ಲೂ ಅಗಲ 4 ಮಿಲಿಮೀಟರ್. ದ್ರವ ಸಾರಜನಕದ 77 ಕೆಲ್ವಿನ್‌ನಲ್ಲಿ ಎರಡರ ಕ್ರಿಟಿಕಲ್ ಕರೆಂಟೂ, ಅಂದರೆ ನಷ್ಟವಿಲ್ಲದೆ ಒಯ್ಯಬಲ್ಲ ಗರಿಷ್ಠ ಕರೆಂಟೂ, ನೂರು ಆಂಪಿಯರಿಗೆ ಮೇಲೆ. ಎರಡಕ್ಕೂ ತಾಮ್ರದ ಹೊದಿಕೆ. ಬೆಲೆಯೊಂದನ್ನೇ ನೋಡಿ ತರಿಸಿಕೊಂಡ ಟೇಪು ಕೇಬಲ್ಲಿಗೆ ಚೆನ್ನಾಗಿಯೇ ಹೊಂದಬಹುದು. ಅದೇ ಟೇಪು ಎಸಿ ಮೋಟಾರಿನ ಸುರುಳಿಯಲ್ಲಿ ಕೈಕೊಡಬಹುದು. ಏಕೆಂದರೆ ನಿಜವಾದ ವ್ಯತ್ಯಾಸವಿರುವುದು ಒಂದೆರಡು ಮೈಕ್ರೊಮೀಟರ್ ದಪ್ಪದ ಸೆರಾಮಿಕ್ ಪದರದೊಳಗೆ. ಅಲ್ಲಿ ಹರಳುಗಳು ಒಂದಕ್ಕೊಂದು ಎಷ್ಟು ಓರೆಯಾಗಿ ಕೂತಿವೆ, ಅವುಗಳ ಗಾತ್ರವೆಷ್ಟು, ನಡುವಿನ ಗಡಿ ನೆಟ್ಟಗಿದೆಯೋ ಅಂಕುಡೊಂಕೋ ಎಂಬುದನ್ನು ಮಾಹಿತಿಪತ್ರ ಸಾಮಾನ್ಯವಾಗಿ ಹೇಳುವುದಿಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕಾಂತಕ್ಷೇತ್ರ ಕಡಿಮೆ, ಉಷ್ಣತೆ 77 ಕೆಲ್ವಿನ್ ಎಂದಾದರೆ ಟೇಪಿನ ಹಣೆಬರಹ ಬರೆಯುವುದು ಹರಳುಗಳ ಗಡಿ. ಕ್ಷೇತ್ರ ಏರಿದಂತೆ ಆ ಅಧಿಕಾರ ಗಡಿಯಿಂದ ಜಾರಿ ಹರಳಿನ ಒಡಲಿಗೆ ಸೇರುತ್ತದೆ. ಹಾಗಾಗಿ "ಯಾವ ಟೇಪು ಒಳ್ಳೆಯದು" ಎಂದು ಕೇಳುವ ಮೊದಲು "ಇದನ್ನು ಎಲ್ಲಿ ಬಳಸುತ್ತೇನೆ" ಎಂಬುದನ್ನು ತೀರ್ಮಾನಿಸಿಕೊಳ್ಳಬೇಕು.

ಗಡಿಯಲ್ಲಿ ಆಗುವುದೇನು

ಈ ಟೇಪುಗಳ ಸೆರಾಮಿಕ್ ಪದರಕ್ಕೆ ಮೂಲವಾದ, ಇಟ್ರಿಯಂ, ಬೇರಿಯಂ, ತಾಮ್ರ, ಆಮ್ಲಜನಕಗಳ ವೈಬಿಸಿಒ 1987ರಲ್ಲಿ 90 ಕೆಲ್ವಿನ್‌ಗೂ ಮೇಲೆ ಸೂಪರ್‌ಕಂಡಕ್ಟರ್ ಆಗಿರುವುದು ಕಂಡುಬಂತು. ಆ ಮಿಶ್ರಣದಲ್ಲಿ ಈ ಗುಣಕ್ಕೆ ಕಾರಣವಾದ ಸಂಯುಕ್ತ ಯಾವುದೆಂದು ಅದೇ ವರ್ಷ ಗುರುತಿಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿ.ಎನ್.ಆರ್. ರಾವ್ ಅವರ ತಂಡವೂ ಇತ್ತು. ಇನ್ನೇನು, ದ್ರವ ಸಾರಜನಕದಲ್ಲಿ ಅದ್ದಿದ ತಂತಿಯಲ್ಲಿ ನಷ್ಟವಿಲ್ಲದೆ ವಿದ್ಯುತ್ ಹರಿಸಬಹುದು ಎಂದು ಲೋಕವೇ ಕುಣಿದಾಡಿತು. ಪುಡಿಯನ್ನು ಒತ್ತಿ, ಸುಟ್ಟು ಮಾಡಿದ ಬಿಲ್ಲೆಯಲ್ಲಿ ಕರೆಂಟ್ ಹರಿಸಿ ನೋಡಿದಾಗ ಸಿಕ್ಕಿದ್ದು ಚದರ ಸೆಂಟಿಮೀಟರಿಗೆ ಕೆಲವು ನೂರು ಆಂಪಿಯರ್. ಅದೂ ಚಿಕ್ಕದೊಂದು ಆಯಸ್ಕಾಂತ ಹತ್ತಿರ ಬಂದರೆ ಕುಸಿಯುತ್ತಿತ್ತು. ಅದೇ ವಸ್ತುವಿನ ಒಂಟಿ ಹರಳಿನಂಥ ತೆಳುಪದರದಲ್ಲಿ ಚದರ ಸೆಂಟಿಮೀಟರಿಗೆ ಹತ್ತು ಲಕ್ಷ ಆಂಪಿಯರಿಗೂ ಹೆಚ್ಚು ಹರಿಯುತ್ತಿತ್ತು. ವಸ್ತು ಒಂದೇ, ಅಂತರ ಸಾವಿರ ಪಟ್ಟಿಗೂ ಮೇಲೆ.

ತಪ್ಪು ಎಲ್ಲಿದೆ ಎಂದು ತೋರಿಸಿಕೊಟ್ಟದ್ದು 1988ರ ಒಂದು ಪ್ರಯೋಗ. ಅಮೆರಿಕದ ಯಾರ್ಕ್‌ಟೌನ್ ಹೈಟ್ಸ್‌ನಲ್ಲಿರುವ ಐಬಿಎಂ ಪ್ರಯೋಗಾಲಯದಲ್ಲಿ ಡಿಮೋಸ್, ಭಾರತದಲ್ಲಿ ಹುಟ್ಟಿದ ಪ್ರವೀಣ್ ಚೌಧರಿ, ಮಾನ್‌ಹಾರ್ಟ್ ಮತ್ತು ಲೆಗೂಸ್ ಸೇರಿ ಸ್ಟ್ರಾನ್ಷಿಯಂ ಟೈಟನೇಟಿನ ಎರಡು ಹರಳುಗಳನ್ನು ಬೇಕಾದ ಕೋನದಲ್ಲಿ ತಿರುಗಿಸಿ ಬೆಸೆದ ತಳದ ಮೇಲೆ ವೈಬಿಸಿಒ ಬೆಳೆಸಿದರು. ಹೀಗೆ ಮಾಡಿದಾಗ ಪದರದಲ್ಲಿ ಒಂದೇ ಒಂದು ಗಡಿ ಮೂಡುತ್ತದೆ. ಅದರ ಕೋನವೂ ಮೊದಲೇ ಗೊತ್ತಿರುತ್ತದೆ. ಗಡಿಯ ಎಡಕ್ಕೆ, ಬಲಕ್ಕೆ, ನಂತರ ಗಡಿಯನ್ನು ಹಾಯ್ದು ಕರೆಂಟ್ ಅಳೆದರು. ಕೋನ ಕೆಲವೇ ಡಿಗ್ರಿ ಏರುವಷ್ಟರಲ್ಲಿ ಗಡಿ ದಾಟುವ ಕರೆಂಟ್ ಕುಸಿದಿತ್ತು. ನಂತರದ ವರ್ಷಗಳ ಅಳತೆಗಳೆಲ್ಲ ಸೇರಿ ಚಿತ್ರ ಸ್ಪಷ್ಟವಾಯಿತು. ಸುಮಾರು 3ರಿಂದ 5 ಡಿಗ್ರಿಯವರೆಗೆ ಗಡಿಯಿಂದ ಹೆಚ್ಚಿನ ಕಿರುಕುಳವಿಲ್ಲ. ಅಲ್ಲಿಂದ ಮುಂದೆ ಪ್ರತಿ ಹತ್ತು ಡಿಗ್ರಿಗೆ ಕರೆಂಟ್ ಸುಮಾರು ಹತ್ತರಲ್ಲೊಂದು ಪಾಲಿಗೆ ಇಳಿಯುತ್ತ ಹೋಗುತ್ತದೆ. 45 ಡಿಗ್ರಿ ತಲುಪುವಷ್ಟರಲ್ಲಿ ಸಾವಿರದಲ್ಲೊಂದು ಪಾಲೂ ಉಳಿದಿರುವುದಿಲ್ಲ.

ಕಾರಣ ಒಂದೇ ಆಗಿದ್ದರೆ ಪರಿಹಾರವೂ ಸುಲಭವಾಗುತ್ತಿತ್ತು. ಸೂಪರ್‌ಕಂಡಕ್ಟರಿನಲ್ಲಿ ಎಲೆಕ್ಟ್ರಾನುಗಳು ಜೋಡಿಯಾಗಿ ಹರಿಯುತ್ತವೆ. ಆ ಜೋಡಿಗೆ ತನ್ನದೇ ಆದ ಒಂದು ಹರಹು ಇರುತ್ತದೆ. ಶುದ್ಧ ನಿಯೋಬಿಯಂನಲ್ಲಿ ಅದು ಸುಮಾರು 40 ನ್ಯಾನೊಮೀಟರ್. ಅಷ್ಟು ಉದ್ದದ ಕಾಲಿಗೆ ಒಂದೆರಡು ಪರಮಾಣು ಅಗಲದ ಬಿರುಕು ಲೆಕ್ಕಕ್ಕಿಲ್ಲ. ವೈಬಿಸಿಒದಲ್ಲಿ ತಾಮ್ರ-ಆಮ್ಲಜನಕದ ಹಾಳೆಗಳ ಉದ್ದಕ್ಕೆ ಈ ಹರಹು ಸುಮಾರು 1.5 ನ್ಯಾನೊಮೀಟರ್ ಮಾತ್ರ, ಹಾಳೆಗಳಿಗೆ ಅಡ್ಡಲಾಗಿ ಇನ್ನೂ ಕಡಿಮೆ. ಇನ್ನು ಗಡಿಯನ್ನು ನೋಡಿ. ಎರಡು ಹರಳುಗಳು ಓರೆಯಾಗಿ ಸೇರುವ ಕಡೆ ಪರಮಾಣು ಸಾಲುಗಳು ಹೊಂದಾಣಿಕೆ ತಪ್ಪಿ ನಿಯತ ಅಂತರದಲ್ಲಿ ಮುರಿಯುತ್ತವೆ. ಇವೇ ಡಿಸ್‌ಲೊಕೇಶನ್‌ಗಳು. ಪರಮಾಣು ಸಾಲುಗಳ ನಡುವಿನ 0.39 ನ್ಯಾನೊಮೀಟರನ್ನು ರೇಡಿಯನ್‌ಗಳಲ್ಲಿ ಹೇಳಿದ ಕೋನದಿಂದ ಭಾಗಿಸಿದರೆ ಮುರುಕುಗಳ ಅಂತರ ಸಿಗುತ್ತದೆ. 2 ಡಿಗ್ರಿಯ ಗಡಿಯಲ್ಲಿ ಅದು ಸುಮಾರು 11 ನ್ಯಾನೊಮೀಟರ್, 5 ಡಿಗ್ರಿಯಲ್ಲಿ 4.5, 10 ಡಿಗ್ರಿಯಲ್ಲಿ ಬರೀ 2.2. ಪ್ರತಿ ಮುರುಕಿನ ಸುತ್ತ ಹರಳು ಬಿಗಿದುಕೊಂಡಿರುತ್ತದೆ. ಅಷ್ಟು ಜಾಗ ಸೂಪರ್‌ಕಂಡಕ್ಟಿಂಗ್ ಆಗಿರುವುದಿಲ್ಲ. 2 ಡಿಗ್ರಿಯಲ್ಲಿ ಮುರುಕುಗಳ ನಡುವೆ ಧಾರಾಳವಾಗಿ ಹಾದಿ ಉಳಿಯುತ್ತದೆ, 10 ಡಿಗ್ರಿಯಲ್ಲಿ ಒಂದರ ಪೆಟ್ಟು ಇನ್ನೊಂದಕ್ಕೆ ತಾಗಿ ಹಾದಿಯೇ ಮುಚ್ಚುತ್ತದೆ. ಸಾಲದ್ದಕ್ಕೆ ಗಡಿಯ ಬಳಿ ವಿದ್ಯುತ್ ಒಯ್ಯುವ ಕಣಗಳೇ ವಿರಳವಾಗಿರುತ್ತವೆ. ಅದರ ಮೇಲೆ, ಈ ಜಾತಿಯ ವಸ್ತುಗಳಲ್ಲಿ ಜೋಡಿಯ ಬಲ ಎಲ್ಲ ದಿಕ್ಕಿಗೂ ಒಂದೇ ಸಮ ಇರುವುದಿಲ್ಲ. ಒಂದು ಹರಳಿನ ಬಲವಾದ ದಿಕ್ಕು ಪಕ್ಕದ ಹರಳಿನ ದುರ್ಬಲ ದಿಕ್ಕಿಗೆ ಎದುರಾದರೆ ದಾಟುವ ಕರೆಂಟ್ ಮತ್ತಷ್ಟು ಸೊರಗುತ್ತದೆ.

ದೊಡ್ಡ ಕೋನದ ಗಡಿ ಎಲ್ಲರಿಗೂ ಶತ್ರುವೇನಲ್ಲ. ಅತಿ ಸೂಕ್ಷ್ಮ ಕಾಂತಕ್ಷೇತ್ರ ಅಳೆಯುವ ಸ್ಕ್ವಿಡ್ ಸಾಧನ ಮಾಡುವವರು 24 ಅಥವಾ 30 ಡಿಗ್ರಿಯ ಗಡಿಯಿರುವ ತಳವನ್ನು ದುಡ್ಡು ಕೊಟ್ಟು ತರಿಸಿಕೊಳ್ಳುತ್ತಾರೆ. ನಾವು ತಂತಿಯ ಗಿರಾಕಿಗಳು. ನಮಗೆ ಬೇಕಾದದ್ದು ಅದಕ್ಕೆ ತದ್ವಿರುದ್ಧ.

ಹಾಗಾದರೆ ಟೇಪು ಮಾಡುವವರ ಮುಂದಿರುವ ಕೆಲಸ ಇದು: ಕಿಲೋಮೀಟರುಗಟ್ಟಲೆ ಉದ್ದದ, ಬಾಗುವ ಲೋಹದ ಪಟ್ಟಿಯ ಮೇಲೆ ಕೋಟ್ಯಂತರ ಹರಳುಗಳನ್ನು ನಾಲ್ಕೈದು ಡಿಗ್ರಿಯೊಳಗೆ ಒಂದೇ ದಿಕ್ಕಿಗೆ ಮುಖಮಾಡಿಸಿ ಕೂರಿಸುವುದು. ಇದಕ್ಕೆ ಮೂರು ದಾರಿಗಳು ಬೆಳೆದಿವೆ. ನಿಮ್ಮ ಆಯ್ಕೆಯ ಮೊದಲ ಕವಲು ಇಲ್ಲಿದೆ.

ರಾಬಿಟ್ಸ್: ಲೋಹವನ್ನೇ ಪಳಗಿಸುವ ದಾರಿ

1996ರ ಹೊತ್ತಿಗೆ ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಅಮಿತ್ ಗೋಯಲ್ ಮತ್ತು ಸಂಗಡಿಗರು ರೂಪಿಸಿದ ವಿಧಾನವಿದು. ನಿಕಲ್ ಅಥವಾ ನಿಕಲ್-ಟಂಗ್‌ಸ್ಟನ್ ಗಟ್ಟಿಯನ್ನು ಅದರ ದಪ್ಪ ಶೇ. 95ಕ್ಕಿಂತ ಹೆಚ್ಚು ತಗ್ಗುವಂತೆ ಉರುಳೆಗಳ ನಡುವೆ ಲಟ್ಟಿಸಿ, ನಂತರ ಹೆಚ್ಚಿನ ಉಷ್ಣತೆಯಲ್ಲಿ ಕಾಯಿಸುತ್ತಾರೆ. ಆಗ ಲೋಹದ ಹರಳುಗಳು ತಾವಾಗಿಯೇ ಮರುಜೋಡಣೆಗೊಂಡು ಘನಾಕೃತಿಯ ಮುಖಗಳನ್ನು ಪಟ್ಟಿಯ ಉದ್ದಕ್ಕೆ ಹೊಂದಿಸಿಕೊಳ್ಳುತ್ತವೆ. ಅದರ ಮೇಲೆ ಇಟ್ರಿಯಂ ಆಕ್ಸೈಡ್, ಜಿರ್ಕೋನಿಯಾ, ಸೀರಿಯಂ ಆಕ್ಸೈಡ್‌ಗಳ ತೆಳು ಬಫರ್ ಪದರಗಳು. ಅವುಗಳ ಮೇಲೆ ಸೂಪರ್‌ಕಂಡಕ್ಟರ್. ತಳದ ಹರಳಿನ ದಿಕ್ಕನ್ನೇ ಮೇಲಿನದೂ ಅನುಸರಿಸುತ್ತದೆ.

ಈ ದಾರಿಯ ಗುಣವೂ ದೋಷವೂ ಒಂದೇ ಸಂಗತಿಯಲ್ಲಿವೆ. ಅದು ಹರಳಿನ ಗಾತ್ರ. ಲೋಹದ ಹರಳುಗಳು ಸಾಮಾನ್ಯವಾಗಿ 40-50 ಮೈಕ್ರೊಮೀಟರ್ ಅಗಲವಿರುತ್ತವೆ. 4 ಮಿಲಿಮೀಟರ್ ಅಗಲದ ಟೇಪಿನಲ್ಲಿ ಅಡ್ಡಲಾಗಿ ಎಣಿಸಿದರೆ ಸಿಗುವುದು ಸುಮಾರು 80 ಹರಳು. ಪಟ್ಟಿಯ ಸಮತಲದಲ್ಲಿ ದಿಕ್ಕುಗಳ ಹರವು 5ರಿಂದ 7 ಡಿಗ್ರಿ. ಅಂದರೆ ಹೆಚ್ಚಿನ ಗಡಿಗಳು ಸುರಕ್ಷಿತ ಮಿತಿಯ ಆಸುಪಾಸಿನಲ್ಲಿದ್ದು, ಅಲ್ಲೊಂದು ಇಲ್ಲೊಂದು 8 ಅಥವಾ 10 ಡಿಗ್ರಿಯದೂ ನುಸುಳಿರುತ್ತದೆ. ಅಂಥ ಗಡಿ ಎದುರಾದಾಗ ಕರೆಂಟ್ ಪಕ್ಕದ ಹರಳುಗಳನ್ನು ಬಳಸಿಕೊಂಡು ಸುತ್ತಿ ಹೋಗುತ್ತದೆ. ಅಗಲದಲ್ಲಿ 80 ಹರಳುಗಳಿದ್ದಾಗ ಸುತ್ತಿ ಹೋಗಲು ಜಾಗ ಇರುತ್ತದೆ. ಕೆಟ್ಟ ಗಡಿಗಳೇ ಸಾಲುಗಟ್ಟಿ ಟೇಪಿನ ಒಂದು ಅಂಚಿನಿಂದ ಇನ್ನೊಂದಕ್ಕೆ ಬೇಲಿ ಹಾಕಿಕೊಂಡರೆ ಮಾತ್ರ ಆ ತುಣುಕಿನ ಕ್ರಿಟಿಕಲ್ ಕರೆಂಟ್ ಥಟ್ಟನೆ ಬೀಳುತ್ತದೆ.

ಎರಡನೆಯ ತೊಡಕು ಲೋಹದ್ದು. ನಿಕಲ್‌ಗೆ ಶೇ. 5ರಷ್ಟು ಟಂಗ್‌ಸ್ಟನ್ ಸೇರಿಸಿದ ಮಿಶ್ರಲೋಹ 77 ಕೆಲ್ವಿನ್‌ನಲ್ಲೂ ಕಾಂತೀಯವೇ. ಎಸಿ ಹರಿಸಿದರೆ ಅದು ತನ್ನ ಪಾಲಿನ ನಷ್ಟವನ್ನು ಸೇರಿಸುತ್ತದೆ. ಟಂಗ್‌ಸ್ಟನ್ ಪ್ರಮಾಣವನ್ನು ಶೇ. 9ಕ್ಕೆ ಏರಿಸಿದರೆ ಕಾಂತೀಯತೆ ತಗ್ಗುತ್ತದೆ, ಆದರೆ ಹರಳುಗಳನ್ನು ಸಾಲಾಗಿ ಕೂರಿಸುವುದು ಕಷ್ಟವಾಗುತ್ತದೆ. ಒಂದನ್ನು ಹಿಡಿದರೆ ಇನ್ನೊಂದು ಜಾರುತ್ತದೆ.

ಅಷ್ಟಾದರೂ ಈ ದಾರಿಯನ್ನು ಹಗುರವಾಗಿ ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ. ಅಗಲ ಪಟ್ಟಿಯನ್ನು ಒಮ್ಮೆಗೆ ಲಟ್ಟಿಸಿ, ಲೇಪಿಸಿ, ಬಳಿಕ 4 ಮಿಲಿಮೀಟರಿಗೆ ಸೀಳುವುದು ಇಲ್ಲಿ ಸಲೀಸು. ಅಮೆರಿಕನ್ ಸೂಪರ್‌ಕಂಡಕ್ಟರ್ ಕಂಪನಿ ತನ್ನ ಟೇಪಿಗೆ ಈ ದಾರಿಯನ್ನೇ ಹಿಡಿಯಿತು. 2021ರಲ್ಲಿ ಚಿಕಾಗೊ ನಗರದ ವಿದ್ಯುತ್ ಜಾಲಕ್ಕೆ ಸೇರಿದ ಸೂಪರ್‌ಕಂಡಕ್ಟರ್ ಕೇಬಲ್ ಅದೇ ಕಂಪನಿಯದು.

ಐಬ್ಯಾಡ್: ಅಯಾನುಗಳಿಂದ ದಿಕ್ಕು ತಿದ್ದುವ ದಾರಿ

ಇಲ್ಲಿ ಲೋಹದ ಪಟ್ಟಿಗೆ ಯಾವ ಶಿಸ್ತೂ ಬೇಕಿಲ್ಲ. ಹ್ಯಾಸ್ಟೆಲಾಯ್ ಎಂಬ ಗಟ್ಟಿಮುಟ್ಟಾದ, ಕಾಂತೀಯವಲ್ಲದ ಮಿಶ್ರಲೋಹದ ತೆಳು ಪಟ್ಟಿಯನ್ನು ನುಣುಪಾಗಿಸಿ, ಅದರ ಮೇಲೆ ಆಕ್ಸೈಡ್ ಪದರ ಕೂರುತ್ತಿರುವಾಗಲೇ ಓರೆಯಾಗಿ ಆರ್ಗಾನ್ ಅಯಾನುಗಳ ಧಾರೆ ಬಿಡುತ್ತಾರೆ. ತಪ್ಪು ದಿಕ್ಕಿಗೆ ಕೂತ ಹರಳುಗಳಿಗೆ ಏಟು ಹೆಚ್ಚು ಬೀಳುತ್ತದೆ, ಸರಿಯಾದ ದಿಕ್ಕಿನವು ಉಳಿದು ಬೆಳೆಯುತ್ತವೆ. ತೊಂಬತ್ತರ ದಶಕದ ಆರಂಭದಲ್ಲಿ ಜಪಾನಿನ ಫುಜಿಕುರಾ ಕಂಪನಿಯಲ್ಲಿ ಈಜಿಮಾ ಮತ್ತು ಸಂಗಡಿಗರು ಇದನ್ನು ಜಿರ್ಕೋನಿಯಾ ಪದರದಲ್ಲಿ ಸಾಧಿಸಿದರು. ತೊಂದರೆ ಎಂದರೆ ಹರಳುಗಳು ಸಾಲಿಗೆ ಬರಲು ಪದರ ಅರ್ಧ ಮೈಕ್ರೊಮೀಟರಿಗೂ ಹೆಚ್ಚು ದಪ್ಪ ಬೆಳೆಯಬೇಕಿತ್ತು, ಅದಕ್ಕೆ ಬಹಳ ಹೊತ್ತು ಹಿಡಿಯುತ್ತಿತ್ತು. 1997ರಲ್ಲಿ ಸ್ಟ್ಯಾನ್‌ಫರ್ಡ್‌ನ ತಂಡ ಮೆಗ್ನೀಸಿಯಂ ಆಕ್ಸೈಡ್ ಬಳಸಿದರೆ ಸುಮಾರು 10 ನ್ಯಾನೊಮೀಟರ್ ದಪ್ಪದಲ್ಲೇ ಸಾಲು ಸಿದ್ಧವಾಗುತ್ತದೆ ಎಂದು ತೋರಿಸಿತು. ಕೈಗಾರಿಕೆಗೆ ಬೇಕಾಗಿದ್ದ ವೇಗ ಅಲ್ಲಿಂದ ಬಂತು. ಇಂದು ಮಾರುಕಟ್ಟೆಯಲ್ಲಿರುವ ಟೇಪುಗಳಲ್ಲಿ ಹೆಚ್ಚಿನವು ಈ ಕುಲದವು; ಜಪಾನಿನ ಫುಜಿಕುರಾ, ಅಮೆರಿಕದ ಸೂಪರ್‌ಪವರ್, ಕೊರಿಯಾದ ಸುನಾಮ್ ಎಲ್ಲ ಇದೇ ಸಾಲಿನಲ್ಲಿ ಬರುತ್ತವೆ.

ಗಡಿಯ ದೃಷ್ಟಿಯಿಂದ ಇದರ ಚಿತ್ರ ರಾಬಿಟ್ಸ್‌ಗಿಂತ ಪೂರ್ತಿ ಬೇರೆ. ಹರಳುಗಳು ಮೈಕ್ರೊಮೀಟರಿಗಿಂತ ಚಿಕ್ಕವು, ಹಾಗಾಗಿ ಗಡಿಗಳ ಸಂಖ್ಯೆ ಲೆಕ್ಕವಿಲ್ಲದಷ್ಟು. ಆದರೆ ಸೂಪರ್‌ಕಂಡಕ್ಟರ್ ಪದರದಲ್ಲಿ ದಿಕ್ಕುಗಳ ಹರವನ್ನು 2ರಿಂದ 3 ಡಿಗ್ರಿಗೆ ಇಳಿಸಬಹುದು. ಬಹುತೇಕ ಗಡಿಗಳು ನಿರುಪದ್ರವಿ ಕೋನದೊಳಗೇ ಉಳಿಯುತ್ತವೆ. ಹರಳು ಇಷ್ಟು ಚಿಕ್ಕದಾದಾಗ ಒಂದೆರಡು ಕೆಟ್ಟ ಗಡಿಗಳಿದ್ದರೂ ಟೇಪಿನ ಅಗಲದಲ್ಲಿ ಅದು ಗೊತ್ತಾಗುವುದೇ ಇಲ್ಲ.

ಹಾಗೆಂದು ಐಬ್ಯಾಡ್ ಎಂಬ ಹೆಸರು ಕಂಡ ಕೂಡಲೇ ಕಣ್ಣುಮುಚ್ಚಿ ಕೊಳ್ಳಬಾರದು. ಇಲ್ಲಿ ಎದುರಾಗುವ ದೋಷಗಳು ಬೇರೆ ಬಗೆಯವು. ಪಟ್ಟಿಯ ಮೇಲೆ ಉಳಿದ ಗೀರು, ಧೂಳಿನ ಕಣ, ಬಫರ್ ಪದರ ಸುಲಿದ ಒಂದು ಚುಕ್ಕೆ, ಇವೆಲ್ಲ ಅಲ್ಲಲ್ಲಿ ಸೂಪರ್‌ಕಂಡಕ್ಟರಿನ ಬೆಳವಣಿಗೆಯನ್ನೇ ಕೆಡಿಸುತ್ತವೆ. ಗಡಿಗಳ ಗೊಡವೆ ಕಡಿಮೆಯಾದ ಕಡೆ ಕಸದ ಗೊಡವೆ ಮುಂದೆ ಬರುತ್ತದೆ.

ಐಎಸ್‌ಡಿ: ಓರೆ ಇಟ್ಟು ಬೆಳೆಸುವ ದಾರಿ

ಮ್ಯೂನಿಕ್ ಬಳಿಯ ಥೇವಾ ಕಂಪನಿ ಹಿಡಿದ ದಾರಿಯಿದು. ಅಯಾನು ಧಾರೆ ಬೇಡ. ಪಟ್ಟಿಯನ್ನು ಓರೆಯಾಗಿಟ್ಟು ಮೆಗ್ನೀಸಿಯಂ ಆಕ್ಸೈಡ್ ಆವಿಯನ್ನು ಅದರ ಮೇಲೆ ಹಾಯಿಸಿದರೆ ಹರಳುಗಳು ತಾವೇ ಒಂದು ದಿಕ್ಕಿಗೆ ಬಾಗಿ ಬೆಳೆಯುತ್ತವೆ. ಪದರ ದಪ್ಪವಾಗಬೇಕು, ಆದರೆ ಬೆಳವಣಿಗೆ ಚುರುಕು. ಬಳಕೆದಾರ ನೆನಪಿಡಬೇಕಾದ ಮಾತು ಒಂದೇ: ಇಲ್ಲಿ ಸೂಪರ್‌ಕಂಡಕ್ಟರಿನ ತಾಮ್ರ-ಆಮ್ಲಜನಕದ ಹಾಳೆಗಳು ಟೇಪಿನ ಮೇಲ್ಮೈಗೆ ಸಮಾನಾಂತರವಾಗಿರುವುದಿಲ್ಲ, ಸುಮಾರು 30 ಡಿಗ್ರಿ ವಾಲಿರುತ್ತವೆ. ಉಳಿದ ಟೇಪುಗಳಲ್ಲಿ ಕಾಂತಕ್ಷೇತ್ರ ಮೇಲ್ಮೈಗೆ ಸಮಾನಾಂತರವಾಗಿದ್ದಾಗ ಕರೆಂಟ್ ಗರಿಷ್ಠವಾಗಿರುತ್ತದೆ, ಇದರಲ್ಲಿ ಆ ಗರಿಷ್ಠ ಓರೆಗೆ ಸರಿಯುತ್ತದೆ. ಸುರುಳಿಯ ತುದಿಗಳಲ್ಲಿ ಕ್ಷೇತ್ರ ಓರೆಯಾಗಿಯೇ ಬರುವುದರಿಂದ ಜಾಣ ವಿನ್ಯಾಸಕ ಇದನ್ನೇ ಲಾಭ ಮಾಡಿಕೊಳ್ಳಬಹುದು. ಆದರೆ ಟೇಪಿನ ಎಡ-ಬಲ ಅದಲುಬದಲಾದರೆ ಲಾಭ ನಷ್ಟವಾಗುತ್ತದೆ. ಸುತ್ತುವವರಿಗೆ ರೀಲಿನ ಮೇಲೆ ಬಾಣದ ಗುರುತು ಹಾಕಿಕೊಡುವುದು ಒಳ್ಳೆಯದು.

ಮೇಲಿನ ಪದರವೂ ಗಡಿಯನ್ನು ತಿದ್ದುತ್ತದೆ

ತಳ ಆರಿಸಿದರೆ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಸೂಪರ್‌ಕಂಡಕ್ಟರ್ ಪದರವನ್ನು ಹೇಗೆ ಬೆಳೆಸಿದ್ದಾರೆ ಎಂಬುದೂ ಅಷ್ಟೇ ಮುಖ್ಯ, ವಿಶೇಷವಾಗಿ ರಾಬಿಟ್ಸ್ ತಳವಿದ್ದಾಗ.

ಲೇಸರ್ ಪೆಟ್ಟಿನಿಂದ ಅಥವಾ ಅನಿಲಗಳ ಪ್ರತಿಕ್ರಿಯೆಯಿಂದ ಪದರ ಬೆಳೆಸುವಾಗ ವಸ್ತು ಕೂರುತ್ತಿದ್ದಂತೆಯೇ ಹರಳುಗಟ್ಟುತ್ತದೆ. ಅಲ್ಲಿ ಮೇಲಿನ ಗಡಿ ಕೆಳಗಿನ ಲೋಹದ ಗಡಿಯ ನೇರಕ್ಕೇ ಗೋಡೆಯಂತೆ ಎದ್ದು ನಿಲ್ಲುತ್ತದೆ. ರಾಸಾಯನಿಕ ದ್ರಾವಣ ಬಳಿದು, ಒಣಗಿಸಿ, ಆಮೇಲೆ ಕಾಯಿಸಿ ಹರಳುಗಟ್ಟಿಸುವ ಎಂಒಡಿ ವಿಧಾನದಲ್ಲಿ ಹಾಗಾಗುವುದಿಲ್ಲ. ಹರಳು ಪಕ್ಕಕ್ಕೂ ಹಬ್ಬುತ್ತದೆ, ಕೆಳಗಿನ ಗಡಿಯನ್ನು ದಾಟಿ ನೆರೆಯ ಹರಳಿನ ತಲೆಯ ಮೇಲೂ ಚಾಚಿಕೊಳ್ಳುತ್ತದೆ. ಪರಿಣಾಮವಾಗಿ ಗಡಿ ಅಂಕುಡೊಂಕಾಗುತ್ತದೆ, ದಪ್ಪದುದ್ದಕ್ಕೂ ಓರೆಯಾಗಿ ಹಾಯುತ್ತದೆ. ಕೋನ ಅದೇ ಇದ್ದರೂ ಗಡಿಯ ಒಟ್ಟು ವಿಸ್ತೀರ್ಣ ಹೆಚ್ಚಿದ್ದರಿಂದ ದಾಟುವ ಕರೆಂಟೂ ಹೆಚ್ಚು. ಒಂದೇ ತಳದ ಮೇಲೆ ಎರಡು ವಿಧಾನಗಳಲ್ಲಿ ಬೆಳೆಸಿದ ಪದರಗಳನ್ನು ಹೋಲಿಸಿದ ಅಧ್ಯಯನಗಳಲ್ಲಿ ಅಂಕುಡೊಂಕು ಗಡಿಯೇ ಮೇಲುಗೈ ಸಾಧಿಸಿದೆ. ಆದ್ದರಿಂದ ರಾಬಿಟ್ಸ್ ಕೊಳ್ಳುವುದಾದರೆ ಎಂಒಡಿ ಪದರದ್ದನ್ನೇ ಕೊಳ್ಳಿ. ಐಬ್ಯಾಡ್ ತಳದ ಮೇಲೆ ಗಡಿಯ ಆಕಾರ ಅಷ್ಟು ಮುಖ್ಯವಲ್ಲ. ಅಲ್ಲಿ ಲೇಸರ್, ಅನಿಲ, ದ್ರಾವಣ ಇವುಗಳ ನಡುವಿನ ಆಯ್ಕೆ ಬೇರೆ ಕಾರಣಗಳಿಗೆ.

ಗಡಿಗೆ ಮದ್ದು ಹಾಕುವ ಪ್ರಯತ್ನವೂ ನಡೆದಿದೆ. 2000ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಮಾನ್‌ಹಾರ್ಟ್ ತಂಡ, ಇಟ್ರಿಯಂನ ಒಂದಷ್ಟು ಪಾಲಿನ ಜಾಗದಲ್ಲಿ ಕ್ಯಾಲ್ಸಿಯಂ ಸೇರಿಸಿದರೆ ಗಡಿಯಲ್ಲಿ ವಿರಳವಾಗಿದ್ದ ವಿದ್ಯುತ್ ಕಣಗಳ ಕೊರತೆ ತುಂಬಿ ಕರೆಂಟ್ ಏರುತ್ತದೆ ಎಂದು ತೋರಿಸಿತು. ಅದೇ ಕ್ಯಾಲ್ಸಿಯಂ ಹರಳಿನ ಒಡಲಿಗೆ ಇಳಿದರೆ ಅಲ್ಲಿನ ಸೂಪರ್‌ಕಂಡಕ್ಟಿಂಗ್ ಉಷ್ಣತೆಯನ್ನು ತಗ್ಗಿಸುತ್ತದೆ. ಕೋನವನ್ನೇ ಕಡಿಮೆ ಮಾಡುವ ಕಲೆ ಕೈವಶವಾದ ಮೇಲೆ ಈ ಮದ್ದಿನ ಅಗತ್ಯವೂ ಕುಗ್ಗಿತು.

ಕಾಂತಕ್ಷೇತ್ರ ಬಂದರೆ ಲೆಕ್ಕ ತಿರುಗುತ್ತದೆ

ಲೆಕ್ಕ ಹೇಗೆ ತಿರುಗುತ್ತದೆ ಎಂಬುದನ್ನು ಸಂಖ್ಯೆಯಿಂದಲೇ ನೋಡೋಣ. 4 ಮಿಲಿಮೀಟರ್ ಅಗಲ, 1 ಮೈಕ್ರೊಮೀಟರ್ ದಪ್ಪದ ಪದರದ ಅಡ್ಡಕೊಯ್ತ ಚದರ ಸೆಂಟಿಮೀಟರಿನ ಒಂದು ಲಕ್ಷದಲ್ಲಿ 4 ಪಾಲು. 77 ಕೆಲ್ವಿನ್‌ನಲ್ಲಿ, ಹೊರಗಿನ ಕ್ಷೇತ್ರ ಇಲ್ಲದಾಗ ಚದರ ಸೆಂಟಿಮೀಟರಿಗೆ 30 ಲಕ್ಷ ಆಂಪಿಯರ್ ಹರಿದರೆ ಟೇಪಿಗೆ 120 ಆಂಪಿಯರ್ ಸಿಗುತ್ತದೆ. ಈ ಸ್ಥಿತಿಯಲ್ಲಿ ಹರಳಿನ ಒಡಲಿಗೆ ಇನ್ನೂ ಒಯ್ಯುವ ಕಸುವಿರುತ್ತದೆ, ತಡೆಯುತ್ತಿರುವುದು ಗಡಿ. ದಿಕ್ಕುಗಳ ಹರವನ್ನು 7 ಡಿಗ್ರಿಯಿಂದ 3ಕ್ಕೆ ಇಳಿಸಿದರೆ ಲಾಭ ಕಣ್ಣಿಗೆ ಕಾಣುತ್ತದೆ.

ಈಗ ಟೇಪಿಗೆ ಲಂಬವಾಗಿ ಕೆಲವು ಟೆಸ್ಲಾ ಕ್ಷೇತ್ರ ಹೇರಿ. ಆ ಕ್ಷೇತ್ರ ಸಣ್ಣ ಸಣ್ಣ ಕಾಂತ ಸುಳಿಗಳಾಗಿ ವಸ್ತುವಿನೊಳಗೆ ನುಗ್ಗುತ್ತದೆ. ಕರೆಂಟ್ ಆ ಸುಳಿಗಳನ್ನು ಪಕ್ಕಕ್ಕೆ ನೂಕುತ್ತದೆ, ಅವು ಸರಿದಾಡಿದರೆ ನಷ್ಟ. ಹರಳಿನ ಒಡಲು ಒಯ್ಯಬಲ್ಲ ಕರೆಂಟ್ ಕ್ಷೇತ್ರದೊಂದಿಗೆ ಬೇಗ ಇಳಿಯುತ್ತದೆ. ಸಣ್ಣ ಕೋನದ ಗಡಿ ದಾಟುವ ಕರೆಂಟ್ ನಿಧಾನವಾಗಿ ಇಳಿಯುತ್ತದೆ. ಒಂದು ಹಂತದಲ್ಲಿ ಎರಡೂ ರೇಖೆಗಳು ಕೂಡುತ್ತವೆ. ಅದರಾಚೆ 4 ಡಿಗ್ರಿಯ ಗಡಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅಲ್ಲಿ ಗೆಲ್ಲುವುದು ಸುಳಿಗಳನ್ನು ಕಟ್ಟಿಹಾಕಬಲ್ಲ ಟೇಪು. ಹಾಗೆಂದೇ ತಯಾರಕರು ಪದರದೊಳಗೆ ಬೇರಿಯಂ ಜಿರ್ಕೋನೇಟಿನ ನ್ಯಾನೊ ಕಂಬಗಳನ್ನು ನೆಡುತ್ತಾರೆ. 2004ರಲ್ಲಿ ಮೊದಲು ತೋರಿಸಿದ ಈ ಉಪಾಯ ಈಗ ಹೆಚ್ಚಿನ ಕ್ಷೇತ್ರದ ಟೇಪುಗಳಲ್ಲಿ ಮಾಮೂಲು.

ಈ ತಿರುವನ್ನು ಅರಿಯದೆ ಮಾಡುವ ಖರೀದಿಯಲ್ಲಿ ದುಡ್ಡು ದಂಡವಾಗುತ್ತದೆ. 77 ಕೆಲ್ವಿನ್‌ನಲ್ಲಿ ಸ್ವಂತ ಕ್ಷೇತ್ರದಲ್ಲಿ, ಅಂದರೆ ಹೊರಗಿನ ಕ್ಷೇತ್ರವಿಲ್ಲದೆ, ಅಳೆದಾಗ 180 ಆಂಪಿಯರ್ ಒಯ್ಯುವ ಟೇಪು, ಹಾಗೆಯೇ ಅಳೆದಾಗ ಬರೀ 130 ಆಂಪಿಯರ್ ಒಯ್ಯುವ ಇನ್ನೊಂದು ಟೇಪಿಗಿಂತ 20 ಕೆಲ್ವಿನ್ ಮತ್ತು 15 ಟೆಸ್ಲಾದಲ್ಲಿ ಹಿಂದೆ ಬೀಳಬಹುದು. ಮೊದಲನೆಯದು ಗಡಿಯನ್ನು ಚೆನ್ನಾಗಿ ತಿದ್ದಿಕೊಂಡಿದೆ, ಎರಡನೆಯದು ಸುಳಿಗಳನ್ನು ಚೆನ್ನಾಗಿ ಕಟ್ಟಿಕೊಂಡಿದೆ. 2017ರಲ್ಲಿ ಫ್ಲಾರಿಡಾದ ರಾಷ್ಟ್ರೀಯ ಕಾಂತಕ್ಷೇತ್ರ ಪ್ರಯೋಗಾಲಯ ಪೂರ್ತಿ ಸೂಪರ್‌ಕಂಡಕ್ಟಿಂಗ್ ಆಯಸ್ಕಾಂತದಲ್ಲಿ 32 ಟೆಸ್ಲಾ ಮುಟ್ಟಿತು. 2021ರಲ್ಲಿ ಎಂಐಟಿ ಮತ್ತು ಕಾಮನ್‌ವೆಲ್ತ್ ಫ್ಯೂಷನ್ ಸಿಸ್ಟಮ್ಸ್ ಸಮ್ಮಿಳನ ರಿಯಾಕ್ಟರಿಗೆಂದು ಕಟ್ಟಿದ ದೊಡ್ಡ ಸುರುಳಿ 20 ಟೆಸ್ಲಾ ತಲುಪಿತು. ಮೊದಲನೆಯದರ ಒಳ ಸುರುಳಿಗಳು, ಎರಡನೆಯ ಸುರುಳಿ ಈ ಬಗೆಯ ಲೇಪಿತ ಟೇಪುಗಳಿಂದ ಆದವು, ಎರಡೂ 77 ಕೆಲ್ವಿನ್‌ಗಿಂತ ಬಹಳ ಕೆಳಗಿನ ಉಷ್ಣತೆಯಲ್ಲಿ.

ಎಸಿ ಇದ್ದರೆ, ಸೀಳುವುದಿದ್ದರೆ

ಮೋಟಾರು, ಟ್ರಾನ್ಸ್‌ಫಾರ್ಮರುಗಳಂಥ ಎಸಿ ಬಳಕೆಯಲ್ಲಿ ಅಗಲವಾದ ಟೇಪು ನಷ್ಟಕ್ಕೆ ದಾರಿ. ಆದ್ದರಿಂದ ಸೂಪರ್‌ಕಂಡಕ್ಟರ್ ಪದರವನ್ನು ಲೇಸರಿನಿಂದ ಉದ್ದುದ್ದ ಎಳೆಗಳಾಗಿ ಸೀಳುತ್ತಾರೆ. ಈ ಕೆಲಸಕ್ಕೆ ಹೋಲಿಕೆ ಬಹಳ ಸುಲಭ, ತೀರ್ಪು ಏಕಪಕ್ಷೀಯ. 100 ಮೈಕ್ರೊಮೀಟರ್ ಅಗಲದ ಎಳೆ ಮಾಡಿದಿರಿ ಎನ್ನಿ. ರಾಬಿಟ್ಸ್‌ನಲ್ಲಿ ಆ ಎಳೆಯ ಅಗಲದಲ್ಲಿ ಬರುವುದು ಎರಡೇ ಹರಳು. ಒಂದು ಕೆಟ್ಟ ಗಡಿ ಅಡ್ಡ ಬಂದರೆ ಕರೆಂಟಿಗೆ ಸುತ್ತಿ ಹೋಗಲು ಜಾಗವೇ ಇಲ್ಲ, ಇಡೀ ಎಳೆ ಕೆಲಸಕ್ಕೆ ಬಾರದು. ಐಬ್ಯಾಡ್‌ನಲ್ಲಿ ಅದೇ ಅಗಲದಲ್ಲಿ ನೂರಕ್ಕೂ ಹೆಚ್ಚು ಹರಳುಗಳು, ಅದೂ ಸಣ್ಣ ಕೋನದವು. ಜೊತೆಗೆ ಹ್ಯಾಸ್ಟೆಲಾಯ್ ಕಾಂತೀಯವಲ್ಲ. ಎಸಿ ಮತ್ತು ಸಣ್ಣ ಎಳೆ ಎರಡೂ ಸೇರಿದ ಕಡೆ ರಾಬಿಟ್ಸ್ ಪರವಾಗಿ ವಾದಿಸಲು ನನಗೆ ಕಾರಣ ಕಾಣುವುದಿಲ್ಲ.

ಲೇಪಿತ ಟೇಪೇ ಬೇಡವೆಂದರೆ

ಗಡಿಗಳ ಈ ತಲೆನೋವನ್ನು ಬೇರೆ ಬಗೆಯಲ್ಲಿ ದಾಟಿದ ತಂತಿಗಳೂ ಇವೆ. ಬಿಸ್ಮತ್ ಕುಲದ ಬಿಎಸ್‌ಸಿಸಿಒ-2223 ಸುಮಾರು 110 ಕೆಲ್ವಿನ್‌ವರೆಗೆ ಸೂಪರ್‌ಕಂಡಕ್ಟರ್. ಪುಡಿಯನ್ನು ಬೆಳ್ಳಿಯ ಕೊಳವೆಯಲ್ಲಿ ತುಂಬಿ ಎಳೆದು ಚಪ್ಪಟೆ ಮಾಡಿದರೆ ಹರಳುಗಳು ತೆಳು ಹಲ್ಲೆಗಳಾಗಿ ಒಂದರ ಮೇಲೊಂದು ಮಲಗುತ್ತವೆ. ತಜ್ಞರು ಇದನ್ನು ಇಟ್ಟಿಗೆ ಗೋಡೆಯ ಮಾದರಿ ಎನ್ನುತ್ತಾರೆ. ಅಂಚಿನ ಗಡಿ ಕೆಟ್ಟದಿದ್ದರೂ ಹಲ್ಲೆಗಳ ಅಗಲವಾದ ಮೇಲ್ಮೈಗಳ ಮೂಲಕ ಕರೆಂಟ್ ಮೇಲೆ-ಕೆಳಗೆ ದಾಟಿ ಮುಂದೆ ಹೋಗುತ್ತದೆ. ಸಾಲು ಅಷ್ಟು ನಿಖರವಾಗಿರಬೇಕಿಲ್ಲ. 2014ರಲ್ಲಿ ಜರ್ಮನಿಯ ಎಸ್ಸೆನ್ ನಗರದಲ್ಲಿ ಹಾಕಿದ ಒಂದು ಕಿಲೋಮೀಟರ್ ಉದ್ದದ ಕೇಬಲ್ಲಿನಲ್ಲಿದ್ದದ್ದು ಈ ತಂತಿ. ಆದರೆ 77 ಕೆಲ್ವಿನ್‌ನಲ್ಲಿ ಟೇಪಿಗೆ ಲಂಬವಾಗಿ ಅರ್ಧ ಟೆಸ್ಲಾ ಬಂದರೂ ಇದು ಕೈಚೆಲ್ಲುತ್ತದೆ, ಬೆಳ್ಳಿಯ ಬೆಲೆಯೂ ಜೊತೆಗಿದೆ. ಕೇಬಲ್ಲಿಗೆ ಪರಿಗಣಿಸಿ, 77 ಕೆಲ್ವಿನ್‌ನ ಆಯಸ್ಕಾಂತಕ್ಕೆ ಬೇಡ.

2001ರಲ್ಲಿ ಬೆಳಕಿಗೆ ಬಂದ ಮೆಗ್ನೀಸಿಯಂ ಡೈಬೋರೈಡ್‌ಗೆ ಗಡಿಗಳು ತಡೆಯೇ ಅಲ್ಲ. 39 ಕೆಲ್ವಿನ್‌ನ ಮಿತಿ ಇರುವುದರಿಂದ 20 ಕೆಲ್ವಿನ್ ಆಸುಪಾಸಿನಲ್ಲಿ ತಂಪಿಡಬೇಕು, ಅಷ್ಟೇ. ನಿಯೋಬಿಯಂ-ತವರದ ತಂತಿಯಲ್ಲಂತೂ ಗಡಿಗಳೇ ಸುಳಿಗಳನ್ನು ಕಟ್ಟಿಹಾಕುತ್ತವೆ. ಹರಳು ಚಿಕ್ಕದಾದಷ್ಟೂ ಒಳ್ಳೆಯದು. ಕಬ್ಬಿಣ ಮೂಲದ ಹೊಸ ಸೂಪರ್‌ಕಂಡಕ್ಟರುಗಳು ನಡುವೆ ನಿಲ್ಲುತ್ತವೆ, ಸುಮಾರು 9 ಡಿಗ್ರಿಯವರೆಗಿನ ಗಡಿಯನ್ನು ಸಹಿಸುತ್ತವೆ. ಆದರೆ ಅಂಗಡಿಯಲ್ಲಿ ಕೊಳ್ಳುವಂಥ ತಂತಿಯಾಗಿ ಅವು ಇನ್ನೂ ಬೆಳೆಯಬೇಕು.

ಮಾರುವವರನ್ನು ಏನು ಕೇಳಬೇಕು

ಕೇಬಲ್ ಅಥವಾ ತಂಪಿನ ಯಂತ್ರದೊಳಕ್ಕೆ ಕರೆಂಟ್ ಒಯ್ಯುವ ಲೀಡಿಗೆ, 77 ಕೆಲ್ವಿನ್‌ನಲ್ಲಿ ಡಿಸಿ: ಸಮತಲದ ದಿಕ್ಕುಗಳ ಹರವು ಎಷ್ಟು ಡಿಗ್ರಿ ಎಂದು ಕೇಳಿ. ಎಕ್ಸ್-ರೇಯಿಂದ ಅಳೆಯುವ ಈ ಸಂಖ್ಯೆ ತಯಾರಕರ ಬಳಿ ಇದ್ದೇ ಇರುತ್ತದೆ, ಕೇಳಿದವರಿಗೆ ಮಾತ್ರ ಕೊಡುತ್ತಾರೆ. ಎಂಒಡಿ ಪದರದ ರಾಬಿಟ್ಸ್ ಅಥವಾ ಯಾವುದೇ ಐಬ್ಯಾಡ್ ಇಲ್ಲಿ ನಡೆಯುತ್ತದೆ, ಬೆಲೆ ನೋಡಿ ತೀರ್ಮಾನಿಸಬಹುದು. ಹೆಚ್ಚಿನ ಕ್ಷೇತ್ರದ ಆಯಸ್ಕಾಂತಕ್ಕೆ ಐಬ್ಯಾಡ್ ತಳ, ಒಳಗೆ ನ್ಯಾನೊ ಕಂಬಗಳಿರುವ ಪದರ. ನಿಮ್ಮದೇ ಉಷ್ಣತೆ, ನಿಮ್ಮದೇ ಕ್ಷೇತ್ರದಲ್ಲಿ, ಎಲ್ಲ ಕೋನಗಳಿಗೂ ಅಳೆದ ರೇಖೆಯನ್ನು ಕೇಳಿ ಪಡೆಯಿರಿ. ಸ್ವಂತ ಕ್ಷೇತ್ರದ ಸಂಖ್ಯೆಯನ್ನು ಪಕ್ಕಕ್ಕಿಡಿ.

ಯಾವುದಕ್ಕೆ ಕೊಂಡರೂ ಸರಾಸರಿ ಕ್ರಿಟಿಕಲ್ ಕರೆಂಟಿಗೆ ಮರುಳಾಗಬೇಡಿ. 300 ಮೀಟರಿನಲ್ಲಿ ಕೆಟ್ಟದಾದ ಒಂದು ಸೆಂಟಿಮೀಟರ್ ಸಾಕು, ಸುರುಳಿ ಅಲ್ಲೇ ಬಿಸಿಯೇರುತ್ತದೆ. ಕಾಂತಕ್ಷೇತ್ರ ಅಳೆಯುವ ಹಾಲ್ ಸಂವೇದಕದ ಕೆಳಗೆ ಟೇಪನ್ನು ಓಡಿಸಿ ಉದ್ದಕ್ಕೂ ಅಳೆದ ದಾಖಲೆ ಇರುತ್ತದೆ. ಅದರಲ್ಲಿ ಕನಿಷ್ಠ ಎಲ್ಲಿದೆ, ಎಷ್ಟಿದೆ ನೋಡಿ. ಜೊತೆಗೆ ಎನ್ ಮೌಲ್ಯ ಕೇಳಿ. ಸೆಂಟಿಮೀಟರಿಗೆ ಒಂದು ಮೈಕ್ರೊವೋಲ್ಟ್ ಎಂಬ ಗೆರೆ ಮುಟ್ಟುವಾಗ ವೋಲ್ಟೇಜು ಎಷ್ಟು ಕಡಿದಾಗಿ ಏರುತ್ತದೆ ಎಂಬುದರ ಸೂಚಿಯಿದು. 77 ಕೆಲ್ವಿನ್‌ನಲ್ಲಿ 25-30 ಅಥವಾ ಹೆಚ್ಚಿದ್ದರೆ ನೆಮ್ಮದಿ. 15ಕ್ಕೆ ಇಳಿದಿದ್ದರೆ ಒಳಗೆ ಎಲ್ಲೋ ಕರೆಂಟ್ ಸುತ್ತಿಬಳಸಿ ಹೋಗುತ್ತಿದೆ ಎಂದು ಅನುಮಾನಿಸಿ, ದುಡ್ಡು ಕಟ್ಟುವ ಮುನ್ನ ಒಂದೆರಡು ಮೀಟರಿನ ತುಂಡು ತರಿಸಿಕೊಂಡು ನಾಲ್ಕು ತುದಿಯ ಅಳತೆಯನ್ನು (ಎರಡು ತುದಿ ಕರೆಂಟಿಗೆ, ಎರಡು ವೋಲ್ಟೇಜಿಗೆ) ನೀವೇ ಮಾಡಿ ನೋಡಿ.